ಗೋಡೆಯ ಮೇಲಿನ ಪೈಲ್ವಾನರು

ಗೋಕಾಕದ ಗಿರಣಿಯಲ್ಲಿ ದುಡಿಯುವ ದುರ್ಗಪ್ಪನ ಪೈಲ್ವಾನರು ತಾಯಿಯ ಹೊಟ್ಟೆಯಿಂದ ಹುಟ್ಟಿದವರಲ್ಲ. ಹೆಸರು, ಊರು, ಮೀಸೆ ಸಮೇತ ಅವನ ತಲೆಯಿಂದಲೇ ಹುಟ್ಟಿದವರು. ರಜೆ ಬಂತೆಂದರೆ ಗಿರಣಿ ಚಾಳಿನ ತನ್ನ ಒಂಟಿ ಖೋಲಿಯಲ್ಲಿ ಕೂತು ಕವಡೆ ಎಸೆದು ಅವರ ಕುಸ್ತಿ ನಡೆಸುತ್ತಾನೆ. ಕವಡೆ ಕೆಡವಿದವನು ಬಿದ್ದಂತೆಯೇ, ಅದರಲ್ಲಿ ಮುಲಾಜಿಲ್ಲ. ಪ್ರತಿ ನಾಗರಪಂಚಮಿಗೆ, ಅವರಲ್ಲಿ ಮುಪ್ಪಾಗಿ ಕುಸ್ತಿ ಬಿಟ್ಟ ಮಲ್ಲನೊಬ್ಬನನ್ನು ಆರಿಸಿ, ಅವನ ಹೆಸರಿನಲ್ಲಿ ಗೋಡೆಗೆ ಮೊಳೆ ಹೊಡೆದು, ಗೆದ್ದವರಿಗೆ ಸುತ್ತುವ ಕೆಂಪು ಪಟಗಾ ರುಮಾಲು ತೂಗುಹಾಕಿ, ಚಾಳಿನವರಿಗೆಲ್ಲ ಚುರುಮುರಿ ಹಂಚುತ್ತಾನೆ. “ನನ್ನ ಸೀರಿಗೂ ಒಂದ ಮೊಳಿ ಉಳಸ್ರಿ,” ಎಂದು ಹೆಂಡತಿ ಪದ್ಮವ್ವ ಗೊಣಗಿದರೆ, “ಮುಂದಿನ ವರ್ಷ ಸಂಕೇಶ್ವರದ ಹುಲಿ ಗೋಡಿ ಮ್ಯಾಲ ಬರಾಂವ ಅದಾನ, ಜಾಗಾ ಇಲ್ಲ,” ಎನ್ನುತ್ತಾನೆ. ಚಿಕ್ಕಂದಿನಲ್ಲಿ ಹುಟ್ಟೂರಿನ ಗರಡಿಯವರು ಜಾತಿ ಕೇಳಿ ಅವನನ್ನು ಹೊರಗೇ ನಿಲ್ಲಿಸಿದ್ದರು. ಪಟ್ಟುಗಳನ್ನೆಲ್ಲ ಅವನು ಕಿಟಕಿಯಿಂದ ನೋಡಿಯೇ ಕಲಿತ. ಅದಕ್ಕೇ ಪಂಚಮಿಯ ದಿನ ಯಾರಾದರೂ ಬಾಗಿಲಾಚೆ ನಿಂತು ಇಣುಕಿದರೆ ಅವನಿಗೆ ಸಿಟ್ಟು ಬರುತ್ತದೆ: “ನಮ್ಮ ಗರಡಿ ಹೊರಗ ನಿಂತು ನೋಡುವಂಥದ್ದಲ್ರಿ. ಒಳಗ ಬರ್ರಿ.”