ಇಕ್ಕಳದ ಹಲ್ಲು ಎಣಿಸುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ ಸಲಕರಣೆ ಶುದ್ಧಮಾಡುವ ಹಬೆಯ ಯಂತ್ರ ಬುಸುಗುಡುತ್ತಿದೆ. ಸ್ಟೀಲ್ ತೊಟ್ಟಿಯ ಮುಂದೆ ನಿಂತ ಅಕ್ಕ ಪೆನ್ಸಿಲ್ ದಪ್ಪದ ಕೊಳವೆಗೆ ಪುಟ್ಟ ಬ್ರಷ್ ತೂರಿಸಿ, ಎಳೆದು, ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮುಖ ಸಿಂಡರಿಸಿ ಮತ್ತೆ ತೂರಿಸುತ್ತಾರೆ. ಬೇರೆಯವರ ಕಣ್ಣಿಗೆ ಫಳಫಳ ಹೊಳೆಯುವ ಕೊಳವೆ ಅವರ ಪಾಲಿಗೆ ಇನ್ನೂ ಕೊಳಕು.

ಭುಜದಲ್ಲಿ ಸ್ನಾಯುರಜ್ಜು ಹರಿದರೆ ಈಗ ಭುಜವನ್ನೇ ಸೀಳುವುದಿಲ್ಲ. ಅಂಗಿಯ ಗುಂಡಿ ತೂರುವಷ್ಟು ಅಗಲದ ಮೂರ್ನಾಲ್ಕು ತೂತು ಸಾಕು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಪೂರ ಇಕ್ಕಳ, ಕತ್ತರಿ, ದಾರ. ಡಾಕ್ಟರು ಪರದೆ ನೋಡುತ್ತಾ ರಜ್ಜುವನ್ನು ಮೂಳೆಗೆ ಬಿಗಿಯುತ್ತಾರೆ. ಹೆಸರೆಲ್ಲ ಅವರಿಗೇ ಬರುತ್ತದೆ, ಬರಲಿ ಬಿಡಿ. ಆದರೆ ಆ ತೂತಿನೊಳಗೆ ಹೋಗುವ ಒಂದೊಂದು ಸಲಕರಣೆಯೂ ಅಕ್ಕನ ಕೈ ದಾಟಿಯೇ ಮೇಲೆ ಹೋಗಬೇಕು. ಒಂದು ಆಪರೇಷನ್ನಿಗೆ ನಲವತ್ತೆರಡು ಸಲಕರಣೆ, ದಿನಕ್ಕೆ ನಾಲ್ಕೈದು ಆಪರೇಷನ್. ಹದಿನಾರು ವರ್ಷದಿಂದ ಇದೇ ಕೆಲಸ.

ಮೊದಲು ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ಹೊಲಿಗೆ ಪರೀಕ್ಷಿಸುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಮಗಳಿಗೆ ಎರಡು ವರ್ಷ. ಕಸ ಗುಡಿಸುವ ಕೆಲಸಕ್ಕೆಂದು ಇಲ್ಲಿಗೆ ಬಂದವರನ್ನು ಅವರ ಕಣ್ಣೇ ಈ ತೊಟ್ಟಿಯ ಮುಂದೆ ತಂದು ನಿಲ್ಲಿಸಿತು. ಬಿಸಿನೀರು, ಸೋಪಿನಿಂದ ಬೆರಳ ತುದಿ ಸುಲಿದಿದೆ, ಮಂಡಿ ಹಿಡಿದುಕೊಂಡಿದೆ. ಆಸ್ಪತ್ರೆಯವರೆಲ್ಲ ಅವರನ್ನು ಕರೆಯುವುದು 'ಭೂತಗನ್ನಡಿ' ಎಂದೇ. ಮನೆಯಲ್ಲಿ ಚಮಚವನ್ನೂ ದೀಪಕ್ಕೆ ಹಿಡಿಯುತ್ತಾಳೆ ಎಂದು ಮಗಳು ಆಡಿಕೊಳ್ಳುತ್ತಾಳಂತೆ.

ಯಾರೂ ಹೇಳಿಕೊಡದ ಪದ್ಧತಿಯೊಂದು ಅಕ್ಕನದಿದೆ. ಪ್ರತಿ ಇಕ್ಕಳಕ್ಕೂ ತೆಳು ಕಾಗದ ಕಚ್ಚಿಸಿ, ಬಿದ್ದ ಗುರುತು ಎಣಿಸುವುದು. ಮೇಲೆ ಕಳಿಸುವ ಮೊದಲೊಮ್ಮೆ, ಕೆಳಗೆ ಬಂದ ಮೇಲೊಮ್ಮೆ. ಆರು ಹಲ್ಲಿದ್ದರೆ ಆರು ಗುರುತು.

ಹೋದ ವರ್ಷ ಒಂದು ಬೆಳಿಗ್ಗೆ, ಕೆಳಗೆ ಬಂದ ಆರು ಹಲ್ಲಿನ ಇಕ್ಕಳವೊಂದರಿಂದ ಐದೇ ಗುರುತು ಬಿತ್ತು. ಮೇಲೆ ಗೋಡೆಗೆ ಬಣ್ಣ ಬಳಿಯುವವರೊಬ್ಬರ ಬಲಭುಜದ ಆಪರೇಷನ್ ಮುಗಿದು, ಚರ್ಮಕ್ಕೆ ಹೊಲಿಗೆ ಹಾಕುತ್ತಿದ್ದರು. ಅಕ್ಕ ತಟ್ಟೆ, ಬಟ್ಟೆ, ತೊಟ್ಟಿಯ ಜಾಲರಿ ಎಲ್ಲ ಜಾಲಾಡಿದರು. ಸಾಸಿವೆ ಕಾಳಿನಷ್ಟು ಚೂರು ಎಲ್ಲೂ ಇಲ್ಲ. ಥಿಯೇಟರಿಗೆ ಫೋನ್ ಮಾಡಿದರು. ಪರದೆಯಲ್ಲಿ ಎಲ್ಲ ಚೊಕ್ಕಟವಾಗಿದೆ, ಹಲ್ಲು ಮೊದಲೇ ಮುರಿದಿರಬೇಕು ಎಂದು ಡಾಕ್ಟರು ಗದರಿದರು. ಮೇಲ್ವಿಚಾರಕ ಪಕ್ಕದಲ್ಲೇ ನಿಂತು, ಫೋನ್ ಇಡು, ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ ಎಂದು ಸನ್ನೆ ಮಾಡುತ್ತಿದ್ದ.

"ಒಳಗೆ ಚೂರು ಸಿಗದೇ ಹೋದ್ರೆ ನನ್ನ ಕಥೆ ಮುಗೀತು ಅಂತ ಗೊತ್ತಿತ್ತು. ಆದ್ರೂ ಹೇಳ್ದೆ: ಬೆಳಿಗ್ಗೆ ಆರು ಹಲ್ಲು ಎಣಿಸಿ ಕಳಿಸಿದೀನಿ ಡಾಕ್ಟ್ರೇ, ಕಾಗದ ಇಲ್ಲೇ ಇದೆ. ಎಕ್ಸ್‌ರೇ ತೆಗೆಯೋ ತನಕ ಅವರನ್ನ ಎಬ್ಬಿಸ್ಬೇಡಿ," ಎಂದು ಅಕ್ಕ ನೆನಪಿಸಿಕೊಳ್ಳುತ್ತಾರೆ.

ಎಕ್ಸ್‌ರೇಯಲ್ಲಿ ಕೀಲಿನ ಸಂದಿನೊಳಗೆ ಬಿಳಿ ಚುಕ್ಕೆ ಕಂಡಿತು. ಹಾಗೇ ಉಳಿದಿದ್ದರೆ ಕೈ ಎತ್ತಿದಾಗಲೆಲ್ಲ ಒಳಗೆ ಕೆರೆಯುತ್ತಿತ್ತು. ಅದೇ ತೂತಿನಿಂದ ಇಪ್ಪತ್ತು ನಿಮಿಷದಲ್ಲಿ ಹೊರಗೆ ತೆಗೆದರು. ಆಮೇಲೆ ಡಾಕ್ಟರು ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದರು. ಎರಡೂ ಕಾಗದ ಕೇಳಿ ಪಡೆದು, ತಾವೇ ಎಣಿಸಿ ನೋಡಿ, "ಗದರಿದ್ದು ನನ್ನ ತಪ್ಪಮ್ಮ" ಎಂದರು.

ಹಲ್ಲು ಮುರಿದಿದ್ದು, ಚೂರು ತೆಗೆದಿದ್ದು ಎರಡನ್ನೂ ಡಾಕ್ಟರು ರೋಗಿಗೆ ತಿಳಿಸಿದ್ದರು. ಎಂಟು ತಿಂಗಳ ಮೇಲೆ ಲಿಫ್ಟಿನ ಬಳಿ ಸಿಕ್ಕ ಅವರು, ಈಕೆ ಯಾರೆಂದು ತಿಳಿಯದೆ, ಅಕ್ಕನ ಹತ್ತಿರವೇ ಬಲಗೈ ನೆತ್ತಿಯ ಮೇಲಕ್ಕೆತ್ತಿ ತೋರಿಸಿ, ನಮ್ಮ ಡಾಕ್ಟರದು ಹದ್ದಿನ ಕಣ್ಣು ಎಂದು ಕೊಂಡಾಡಿದರಂತೆ. ಅದನ್ನು ಹೇಳುವಾಗ ಅಕ್ಕನಿಗೆ ನಗು ತಡೆಯುವುದಿಲ್ಲ. "ಹೌದೌದು ಅಂದೆ. ಆ ಕೈ ಅಷ್ಟು ಮೇಲಕ್ಕೆ ಹೋಯ್ತಲ್ಲ, ಅದನ್ನೇ ನೋಡ್ತಾ ನಿಂತುಬಿಟ್ಟೆ. ಇನ್ನೇನು ಬೇಕು ನಂಗೆ?"

ಹತ್ತೂವರೆಗೆ ಇವತ್ತಿನ ಮೊದಲ ತಟ್ಟೆ ಕೆಳಗೆ ಬಂದಿದೆ. ಹಿಂದೆಯೇ ಫೋನ್ ಬಡಿದುಕೊಳ್ಳುತ್ತದೆ. ಈಗ ಮೇಲೆ ಹೊಸ ನಿಯಮ: ಕೆಳಗಿನಿಂದ ಮಾತು ಬರುವ ತನಕ ಯಾವ ರೋಗಿಯನ್ನೂ ಎಬ್ಬಿಸುವಂತಿಲ್ಲ. ಡಾಕ್ಟರು ಕಾಯುತ್ತಿದ್ದಾರೆ. ಕಾಯಲಿ. ಅಕ್ಕ ಅವಸರಪಡದೆ ಕೊನೆಯ ಕಾಗದ ಎಣಿಸಿ, ಕೈ ಒರೆಸಿಕೊಂಡು ಫೋನ್ ಎತ್ತುತ್ತಾರೆ.

"ಎಲ್ಲಾ ಸರಿಯಾಗಿದೆ ಡಾಕ್ಟ್ರೇ. ಈಗ ಎಬ್ಬಿಸಿ."