ಡಬ್ಬಿಯ ದನಿ

ಇವತ್ತು ಬೆಳಿಗ್ಗೆ ಜೋಳದ ತಗಡಿನ ಡಬ್ಬಿ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಬಂತು. ಆ ಎಲೆ ಹಾಕಿದವಳು ತಾವರಗೇರಾದ ನನ್ನಕ್ಕ. ಅವಳು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ.

ಕಾರಟಗಿಯ ಸುತ್ತ ಎಲ್ಲಿ ನೋಡಿದರೂ ಭತ್ತ. ನಾನು ಅಕ್ಕಿ ಮಿಲ್ಲಿನಲ್ಲಿ ತೂಕ ನೋಡುವವನು. ಆದರೂ ಜೋಳದ ರೊಟ್ಟಿ ಇಲ್ಲದೆ ನನಗೆ ಊಟ ಸೇರದು. ಅದಕ್ಕೇ ಅಕ್ಕ ಪ್ರತಿ ಸುಗ್ಗಿಗೂ ಹೊಲದ ಬಿಳಿಜೋಳ ತರುತ್ತಿದ್ದಳು. ಬಂದವಳು ನೀರು ಕುಡಿಯುವ ಮೊದಲೇ ಡಬ್ಬಿಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಬಡಿದು ನೋಡುವಳು. ತುಂಬಿದ್ದರೆ ದಪ್ಪ ದನಿ, ಬರಿದಾಗಿದ್ದರೆ ಠಣ್.

"ಏನಕ್ಕಾ, ಡಾಕ್ಟರ್ ಆದೇನು?" ಎಂದರೆ, "ನಗು ತಮ್ಮಾ, ನಗು. ಹೊಟ್ಟಿ ತುಂಬೇತಿ, ನಗ್ತಿ," ಎನ್ನುವಳು.

ಅಕ್ಕಿ ಹೊರದೇಶಕ್ಕೆ ಹೋಗಬಾರದು ಎಂದು ಸರ್ಕಾರ ತಡೆದ ವರ್ಷ ನಿಮಗೂ ನೆನಪಿರಬಹುದು. ನಮ್ಮ ಗೋದಾಮಿನಲ್ಲಿ ಚೀಲಗಳು ಸೂರು ಮುಟ್ಟಿದ್ದವು. ಮಿಲ್ಲಿನವರಿಗೆಲ್ಲ ರೇಟಿನದೇ ಚಿಂತೆ. ಅಕ್ಕ ಮಾತ್ರ ಊಟದ ನಡುವೆ ಕೇಳಿದಳು:

"ಆ ಅಕ್ಕಿ ಯಾರ ಮನಿಗಿ ಹೊಂಟಿತ್ತೋ?"

"ಆಫ್ರಿಕಾಕ್ಕಂತ. ಹಡಗದಾಗ ಹೋಗ್ತಿತ್ತು."

"ಹಂಗಾರ ಅವರು ಇವತ್ತ ಏನ್ ಉಣ್ತಾರ?"

"ಬ್ಯಾರೆ ದೇಶದಾಗ ತೊಗೊಂತಾರ ಬಿಡು."

"ಆ ದೇಶದವರೂ ನಮ್ಮಂಗ ಬಾಗಲಾ ಹಾಕ್ಕೊಂಡ್ರ?"

ನಾನು ಪಲ್ಯ ಬಡಿಸಿ ಮಾತು ತಪ್ಪಿಸಿದೆ.

ಮೊನ್ನೆ ಅವಳ ಮಗ ಫೋನು ಮಾಡಿದ್ದ. "ಮಾಮಾ, ಈ ಸಲ ಜ್ವಾಳಾ ಬಿತ್ತಿಲ್ಲರಿ. ಎಲ್ಲಾ ಮೆಕ್ಕೆಜೋಳ. ಕೋಳಿ ಫಾರಂನವರು ಭಾಳ ಕೇಳಾಕತ್ತಾರ. ನಿಮಗ ಪ್ಯಾಟ್ಯಾಗ ಸಿಗ್ತೈತಲ್ಲರಿ?"

ಅವನದೇನೂ ತಪ್ಪಿಲ್ಲ. ಎಲ್ಲಿಯೋ ಯುದ್ಧವಾದರೆ ನಮ್ಮ ಬೀದಿಯಲ್ಲಿ ಎಣ್ಣೆ ತುಟ್ಟಿಯಾಗುತ್ತದೆ. ನಾವು ಕಾಣದ ಊರಲ್ಲಿ ಯಾರೋ ದರ ಕಟ್ಟಿದರೆ ಅಕ್ಕನ ಹೊಲದ ಬೆಳೆ ಬದಲಾಗುತ್ತದೆ. ಪೇಟೆಯಲ್ಲಿ ಸಿಗುತ್ತದೆ, ನಿಜ. ಆಫ್ರಿಕಾದ ಆ ಮನೆಯವರೂ ಹಾಗೆಯೇ ಅಂದುಕೊಂಡಿದ್ದರಲ್ಲವೇ?

ಬೀಸಲೆಂದು ತೆಗೆದಿದ್ದ ಜೋಳದಲ್ಲಿ ಅರ್ಧ ಮತ್ತೆ ಡಬ್ಬಿಗೇ ಸುರಿದೆ. ಮುಚ್ಚಳ ಹಾಕಿ, ಮೊದಲ ಸಲ, ಅಕ್ಕನ ಹಾಗೆ ಕಿವಿಯಿಟ್ಟು ಬಡಿದೆ. ಠಣ್ ಎಂದಿತು. ಇನ್ನೊಮ್ಮೆ ಬಡಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಯಾರೋ ಬಾಗಲಾ ಬಡಿಯಾಕತ್ತಾರ, ನೋಡ್ರಿ!"

ಬಡಿದದ್ದು ನಾನೇ ಎಂದು ಗೊತ್ತಿದ್ದೂ, ಎದ್ದು ಹೋಗಿ ಬಾಗಿಲು ತೆರೆದೆ.