ಜೇನು ತಂದವರನ್ನಷ್ಟೇ ನೋಡಿದೆ

ಈ ಬುದ್ಧಿ ಬರಲು ಆದ ಖರ್ಚು ಹಾಲು ಕರೆಯುವ ಎಮ್ಮೆ ಒಂದು. ಅದೂ ನನ್ನದಲ್ಲ, ಹೆಗ್ಗರಣೆಯಲ್ಲಿದ್ದ ನನ್ನ ತಂಗಿಯದು. ಗಂಡ ತೀರಿಕೊಂಡ ಮೇಲೆ ಅದರ ತುಪ್ಪ ಮಾರಿಯೇ ಮನೆ ನಡೆಸುತ್ತಿದ್ದಳು. ನನ್ನ ಮಾತು ನಂಬಿ ಎಮ್ಮೆ ಮಾರಿ ಜೇನುಪೆಟ್ಟಿಗೆ ಕೊಂಡಳು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಿರಸಿ ಪೇಟೆಯಲ್ಲಿ ನಾನು ಜೇನುತುಪ್ಪ ಕೊಂಡು ಹುಬ್ಬಳ್ಳಿಗೆ ಕಳಿಸುತ್ತಿದ್ದೆ. ಬರಿಗೈಯಲ್ಲಿ ಶುರುಮಾಡಿದ ಅಂಗಡಿ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಬೇಸಿಗೆಯಲ್ಲಿ ಸಿದ್ದಾಪುರ, ಯಲ್ಲಾಪುರದ ಕಡೆಯವರು ಜೇನುತುಪ್ಪದ ಡಬ್ಬಿ ಹೊತ್ತು ನಗುತ್ತಲೇ ಬರುತ್ತಿದ್ದರು. ಜೇನು ಸಾಕಿದವರೆಲ್ಲ ಗೆದ್ದಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ.

"ಎಮ್ಮೆಗಾದ್ರೆ ಹುಲ್ಲು ಹೊರವು, ಸಗಣಿ ಬಾಚವು. ಜೇನಿಗೆ ಎಂತ ಮಾಡವು?" ಎಂದು ತಂಗಿಗೆ ಎಮ್ಮೆಯ ಚಾಕರಿ ಎಣಿಸಿ ಹೇಳಿದೆ.

"ಮಳೆಗಾಲದಲ್ಲಿ ಹುಳ ಪೆಟ್ಟಿಗೆ ಬಿಟ್ಟು ಎದ್ದು ಹೋದ್ರೆ, ಅಣ್ಣ?"

"ಎದ್ದು ಹೋತು ಹೇಳಿ ಯನ್ನತ್ರ ಯಾರೂ ಹೇಳಿದ್ವಿಲ್ಲೆ."

ಮಳೆ ನಿಂತ ಮೇಲೆ ಅವಳ ಮನೆಗೆ ಹೋದೆ. ಊಟದ ಕೊನೆಗೆ ಮಜ್ಜಿಗೆ ಬರಲಿಲ್ಲ. "ತಡಿ" ಎಂದು ಹಿತ್ತಲ ಬಾಗಿಲಿನಿಂದ ಹೋಗಿ ಪಕ್ಕದ ಮನೆಯಿಂದ ತಂಬಿಗೆಯಲ್ಲಿ ತಂದಳು. ಕೇರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದವಳು. ನನ್ನ ಎಲೆಗೆ ಬಡಿಸಿದಳು. ಅವಳ ಮಕ್ಕಳು ಸಾರನ್ನವಷ್ಟೇ ಉಂಡು ಎದ್ದವು. ನನಗೆ ಉಣ್ಣಲೂ ಆಗಲಿಲ್ಲ, ಎಲೆಯಲ್ಲಿ ಬಿಟ್ಟು ಏಳಲೂ ಆಗಲಿಲ್ಲ.

"ಜೇನು?"

"ಆಷಾಢದಲ್ಲೇ ಎದ್ದು ಹೋತು."

ತಂಬಿಗೆ ಹಿಂದಿರುಗಿಸುವ ನೆಪದಲ್ಲಿ ನಾನೂ ಅವಳ ಜೊತೆ ಹೊರಟೆ. ಪಕ್ಕದ ಮನೆಯ ಜಗಲಿಯಲ್ಲೂ ಒಂದು ಜೇನುಪೆಟ್ಟಿಗೆ. ಒಳಗೆ ಬೆಕ್ಕು ಮರಿ ಹಾಕಿತ್ತು. ಅದರಾಚೆ ಮನೆಯ ಮುದುಕರು ಅಂಥದೇ ಪೆಟ್ಟಿಗೆಯ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. "ಜೇನಂತೂ ಕೂತಿದ್ದಿಲ್ಲೆ, ಆನಾದ್ರೂ ಕೂತ್ಕತ್ತಿ" ಎಂದು ನಕ್ಕರು.

"ಈ ಜನ ಎಲ್ಲ ಯನ್ನತ್ರ ಬಂದು ಒಂದು ಮಾತು ಹೇಳ್ಲಾಗಿತ್ತು" ಎಂದೆ ತಂಗಿಗೆ. ಆಗಲೂ ತಪ್ಪು ಅವರದೇ ಎಂಬಂತೆ.

"ಪೆಟ್ಟಿಗೆ ಖಾಲಿ ಆದ ಜನ ನಿನ್ನ ಅಂಗಡಿಗೆ ಎಂತ ಹೊತ್ಕಂಡು ಬರವು, ಅಣ್ಣ?" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಆಮೇಲೆ ಎಮ್ಮೆ ಕೊಡಿಸಿದೆ. ಆದರೂ ನಾನು ಊಟಕ್ಕೆ ಕೂತ ದಿನ ಆ ಮಕ್ಕಳು ಮಜ್ಜಿಗೆ ಮಾವನಿಗಿರಲಿ, ತಮಗೆ ಬೇಡವೆಂದು ಬೇಗ ಏಳುತ್ತಿದ್ದವು.

ಹೊಸ ಕಸುಬಿಗೆ ಕೈ ಹಾಕುವವರು ಪೇಟೆಯಲ್ಲಿ ವಿಚಾರಿಸಿ ಸುಮ್ಮನಾಗಬೇಡಿ. ಅಲ್ಲಿ ಸಿಗುವವರು ಮಾಲು ಇದ್ದವರು. ಊರೊಳಗೆ ಹೋಗಿ ಜಗಲಿ, ಅಟ್ಟ ನೋಡಿ. ಆ ಕಸುಬು ಬಿಟ್ಟವರನ್ನು ಹುಡುಕಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ. ಇನ್ನೊಬ್ಬರಿಗೆ ಸಲಹೆ ಕೊಡುವ ಚಪಲವಿದ್ದರೆ, ಮೊದಲು ನಿಮ್ಮ ಎಮ್ಮೆ ಮಾರಿ ನೋಡಿ.